ಬಿಗಿ ಸ್ಪ್ರಿಂಗ್

"ಈಗ ಸ್ಪ್ರಿಂಗ್ ತಿರುಗಿಸ್ಕೊಂಡು ಕೂರೋ ಹೊತ್ತೇನೇ ಡೆಲ್ಫೀನ್?" ಜೊತೆಗಾರ ವೇಡ್ ಸಿಡುಕಿದ. ಬೆಟ್ಟದ ಆಚೆ ಮಗ್ಗುಲಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದೇನೆಂದು ಅವರ ತಂಡದ ಆರ್ವಿಡ್ ಈಗಷ್ಟೇ ವಾಕಿಟಾಕಿಯಲ್ಲಿ ಹೇಳಿದ್ದ. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಬರುವಂತಿರಲಿಲ್ಲ.

ಡೆಲ್ಫೀನ್ ತಲೆಯೆತ್ತಲಿಲ್ಲ. ಕೈಗವಸನ್ನು ಕಂಕುಳಲ್ಲಿ ಅವುಚಿಕೊಂಡು, ಹಿಮದಲ್ಲಿ ಮಂಡಿಯೂರಿ, ಹಿಮದ ಮೇಲೆ ಓಡುವ ತನ್ನ ಗಾಡಿ, ಸ್ನೋಮೊಬೈಲಿನ ಹಿಂದಿನ ಸ್ಪ್ರಿಂಗಿಗೆ ಸ್ಪಾನರ್ ಹಾಕಿ ತಿರುಗಿಸಿದಳು. ಕಟಕ್ ಎಂದು ಬಿಗಿಯಾಯಿತು. ಇನ್ನೊಂದು ಕಟಕ್. ಬರಿಗೈ ಚಳಿಗೆ ಕೆಂಪಾಗಿತ್ತು.

ವೇಡ್ ಬಗ್ಗಿ ನೋಡಿದ. "ಪೂರ್ತಿ ಬಿಗಿ ಮಾಡ್ಬಿಟ್ಯಲ್ಲೇ. ಗುಬ್ಬಚ್ಚಿ ಹಾಗಿದೀಯ, ಏರು ಹತ್ತುವಾಗ ಗಾಡಿ ನಿನ್ನ ಎತ್ತಿ ಎಸೆಯುತ್ತೆ."

"ಎಸೀಲಿ, ಗಟ್ಟಿಯಾಗಿ ಹಿಡ್ಕೋತೀನಿ. ಸಡಿಲ ಬಿಟ್ರೆ ಬರುವಾಗ ಭಾರಕ್ಕೆ ಹಿಂದೆ ಕುಸಿದು ಗಾಡಿ ಮೂತಿ ಮೇಲೇಳುತ್ತೆ. ಆಮೇಲೆ ತಿರುಗಿಸಿದ ಕಡೆ ತಿರುಗಲ್ಲ."

"ನಿಂದ್ಯಾವ ಭಾರವೇ?"

ಅವಳು ಎದ್ದು ಕೈಗವಸು ತೊಟ್ಟಳು. "ಹೋಗುವಾಗ ಮಾತ್ರ ಕಣೋ ನಾನೊಬ್ಳೇ."

ವೇಡ್ ಅವಳ ಗಾಡಿಯ ಹಿಂದಕ್ಕೆ ಬಂದ. ಅವಳ ಸೀಟಿನ ಹಿಂದಿದ್ದ ಪೆಟ್ರೋಲ್ ಕ್ಯಾನ್ ಬಿಚ್ಚಿ ತನ್ನ ಗಾಡಿಗೆ ಕಟ್ಟಿಕೊಂಡ. ಆಮೇಲೆ ಅಲ್ಲಿ ಕೂತಿದ್ದ ಹಿಮವನ್ನು ತನ್ನ ತೋಳಿನಿಂದಲೇ ಒರೆಸಿದ, ಒಬ್ಬ ಮನುಷ್ಯ ಕೂರುವಷ್ಟು ಜಾಗ.