ಉಗುರುಬಣ್ಣದ ಗೀಟು

ಸತ್ತ ಬ್ಯಾಟರಿ ಹಾಕಿ ಗಿರಾಕಿಗಳಿಗೆ ಮೋಸ ಮಾಡಿದನೆಂದು ದಸ್ತಗೀರನನ್ನು ಲ್ಯಾಪ್‌ಟಾಪ್ ಅಂಗಡಿಯ ಮಾಲೀಕ ಕೆಲಸದಿಂದ ತೆಗೆದ. ಕೆಲಸಕ್ಕೆ ಬಾರದ ಬ್ಯಾಟರಿಯ ಮೇಲೆ ಉಗುರುಬಣ್ಣದಿಂದ ಕೆಂಪು ಗೀಟು ಎಳೆದು ಗುಜರಿ ಡಬ್ಬಕ್ಕೆ ಎಸೆಯುವುದು ದಸ್ತಗೀರನ ರೂಢಿಯಾಗಿತ್ತು. ಅವನ ಕೈಕೆಳಗೆ ಕೆಲಸ ಕಲಿತ ನೀಲವ್ವ ಈಗ ಅವನ ಕುರ್ಚಿಯಲ್ಲಿ ಕೂತಿದ್ದಳು.

ಕೆಲವು ವಾರಗಳ ಮೇಲೆ ಟೀಚರಮ್ಮ ಒಬ್ಬರು ಹಿಂದಿನ ವಾರ ಅಲ್ಲೇ ಕೊಂಡಿದ್ದ ಹಳೆಯ ಲ್ಯಾಪ್‌ಟಾಪನ್ನು ತಂದು ಕೌಂಟರಿನ ಮೇಲಿಟ್ಟರು.

"ಅರ್ಧ ಚಾರ್ಜ್ ಐತಿ ಅಂತ ತೋರಸ್ತದ, ತಟ್ಟನ ಆರಿ ಹೋಗ್ತದ್ರಿ. ಇದು ಹೊಸಾ ಬ್ಯಾಟರಿ ಏನ್ರಿ?"

"ಮೊನ್ನೆ ನಾನ ಕೈಯಾರೆ ಹೊಸಾದು ಹಾಕಿ ಕೊಟ್ಟೀನ್ರಿ," ಎಂದ ಮಾಲೀಕ. "ಮನ್ಯಾಗ ಯಾರರ ಬದಲಿ ಮಾಡ್ಯಾರೇನು, ಕೇಳಿ ನೋಡ್ರಿ."

"ಅಂದ್ರ ನಾವು ಕಳ್ಳರೇನು? ಬಿಚ್ಚಸ್ರಿ ಅದನ್ನ!"

"ಬಿಚ್ಚು ನೀಲವ್ವ. ಯಾರು ಕಳ್ಳರು ಗೊತ್ತಾಗ್ಲಿ."

ನೀಲವ್ವ ಲ್ಯಾಪ್‌ಟಾಪನ್ನು ಒಳಗಿನ ಮೇಜಿಗೆ ಒಯ್ದು, ಸ್ಕ್ರೂ ಬಿಚ್ಚಿ, ಹಿಂದಿನ ಮುಚ್ಚಳ ಎತ್ತಿದಳು. ಬ್ಯಾಟರಿ ಹಪ್ಪಳದಂತೆ ಉಬ್ಬಿತ್ತು. ಅದರ ಮೇಲೆ ಕೆಂಪು ಗೀಟಿತ್ತು.

ಹಿಂದೆಯೇ ಬಂದ ಮಾಲೀಕ ದನಿ ತಗ್ಗಿಸಿದ. "ಥಿನ್ನರ್ ಹಚ್ಚಿ ಒರಸು. ಆಮ್ಯಾಲ ಅಕಿಗೆ ತೋರ್ಸು."

ನೀಲವ್ವ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

"ಕೇಳಸ್ಲಿಲ್ಲೇನು? ಇಲ್ಲಾಂದ್ರ ನಾಳಿಯಿಂದ ನೀನೂ ಬರಬ್ಯಾಡ."

ನೀಲವ್ವ ಬಿಚ್ಚಿದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಟೀಚರ ಮುಂದಿಟ್ಟಳು.

"ಒರಸಂಗಿಲ್ರಿ. ಗುಜರಿಗೆ ಎಸೆಯೋವಾಗ ದಸ್ತಗೀರಣ್ಣ ಎಳದ ಗೀಟು ಅದು, ಅಕ್ಕಾರು ನೋಡ್ಲಿ."