ನಾಲಿಗೆ ಬುಡದ ಹಸಿರು

ಆ ಊರಿನಲ್ಲಿ ಒಂದೊಂದು ಹೋಟೆಲಿನ ಚಟ್ನಿಗೂ ಒಂದೊಂದು ಬಣ್ಣ; ಒಮ್ಮೆ ನಾಲಿಗೆಗೆ ಹತ್ತಿದರೆ ಜನ್ಮಕ್ಕೂ ಹೋಗುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಒಂದೇ ಹೋಟೆಲು. ಕೂರುವ ಮುಂಚೆ ಗಲ್ಲಾದ ಮುಂದೆ ನಾಲಿಗೆ ಚಾಚಬೇಕು; ಬೇರೆ ಹೋಟೆಲಿನ ಬಣ್ಣ ಕಂಡರೆ ಒಳಗೆ ಬಿಡುವುದಿಲ್ಲ. ಕಾಲೇಜಿಗೆಂದು ಬಂದ ಹಂಸವೇಣಿಗೆ ಮಾತ್ರ ಊರನ್ನು ತಿಂದೇ ತಿಳಿಯಬೇಕೆಂಬ ಹಟ. ಗದ್ದಲದ ಹೊತ್ತು ನೋಡಿ ಒಳಗೆ ನುಸುಳುತ್ತಿದ್ದಳು.

ಇವತ್ತು ದೇವಣ್ಣನ ಹೋಟೆಲಿನಲ್ಲಿ, ದೋಸೆ ಮುಂದೆ ಬಂದ ಮೇಲೆ ಸಿಕ್ಕಿಬಿದ್ದಳು.

"ನಾಲ್ಗೆ ತೋರ್ಸಮ್ಮ," ಎಂದ ಯಜಮಾನ ದೇವಣ್ಣ.

ತೋರಿಸಿದಳು. ಹಸಿರು, ಕೇಸರಿ, ನೇರಳೆ, ಪಟ್ಟೆಪಟ್ಟೆ.

"ಥೂ, ಊರೆಲ್ಲ ನೆಕ್ಕಿ ಬಂದಿದಾಳೆ. ಹೊರಗ್ ಹಾಕಿ," ಎಂದಳು ಪಕ್ಕದ ಮೇಜಿನ ಹೆಂಗಸು. ಎಲ್ಲರೂ ದನಿಗೂಡಿಸಿದರು. ಯಾರೋ ಅವಳ ತಟ್ಟೆ ಕಿತ್ತುಕೊಂಡರು.

"ನಮ್ಮ ಹಳದಿ ಬಿಟ್ಟು ಬೇರೇದು ಮುಟ್ಟಿದೋರಲ್ಲ ನಾವು," ಎಂದು ದೇವಣ್ಣ ಬಾಯಿ ದೊಡ್ಡದು ಮಾಡಿ, ಅವಳ ಮುಖದ ಮೇಲೇ ಬಾಗಿ ಬೈದ. ಅಷ್ಟು ಹತ್ತಿರದಿಂದ ಕಂಡಿತು: ಹಳದಿ ನಾಲಿಗೆಯ ಬುಡದಲ್ಲಿ, ಚಾಚಿದರೂ ಹೊರಬಾರದ ಕಡೆ, ಎದುರು ಹೋಟೆಲಿನ ಹಸಿರು.

"ಎದುರುಗಡೆ ಚಟ್ನಿ ನಂಗೂ ಇಷ್ಟ ಯಜಮಾನ್ರೇ," ಎಂದಳು ಹಂಸವೇಣಿ. "ನಿಮ್ದು ಸ್ವಲ್ಪ ಒಳಗಿದೆ, ಅಷ್ಟೇ."

ಹೊರಗೆ ಹಾಕಿ ಎಂದು ಕೂಗುತ್ತಿದ್ದ ಅಷ್ಟೂ ಬಾಯಿಗಳು ಒಟ್ಟಿಗೇ ಮುಚ್ಚಿಕೊಂಡವು.