ಒಗ್ಗರಣೆಗೊಂದು ಕೊಳವೆ

ಬಿಲ್ಡರ್ ಮುನಿಸಿಕೊಂಡು ಅರ್ಧಕ್ಕೇ ಕೆಲಸ ಬಿಡಬಹುದಿತ್ತು. ರಿಸೆಷನ್ನಿನಲ್ಲಿ ಅಪ್ಪನ ನೌಕರಿ ಹೋಗಿ, ಬೋಲಿಂಗ್‌ಬ್ರೂಕ್ ಎಂಬ ಅಮೆರಿಕನ್ ಊರಿನ ಆ ಹೊಸ ಮನೆಯೇ ಕೈತಪ್ಪಬಹುದಿತ್ತು. ಅಮ್ಮನ ಹಾಟ್‌ಪ್ಲೇಟಿನಿಂದ ಬೆಂಕಿ ಹತ್ತಬಹುದಿತ್ತು. ಹತ್ತು ವರ್ಷದ ನಾನು ಇವೆಲ್ಲಕ್ಕೂ ಹೆದರಿ ಮುಗಿಸಿದ್ದೆ.

ಜಗಳ ಅಡುಗೆಮನೆಯ ಫ್ಯಾನಿನದು. ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕೆಂದು ಒಪ್ಪಂದದಲ್ಲಿತ್ತು. ಬಿಲ್ಡರ್ ಹಾಕಿದ್ದ ಫ್ಯಾನು ಅದನ್ನು ಒಳಗೇ ಸುತ್ತಿಸುತ್ತಿತ್ತು. "ಎಲ್ಲರ ಮನೆಗೂ ಇದೇ. ಬೇಡವಾದರೆ ಬೇರೆಯವರನ್ನು ನೋಡಿಕೊಳ್ಳಿ," ಎಂದು ಅವನು ಇಂಗ್ಲಿಷಿನಲ್ಲಿ ಗದರಿದ.

"ಎಲ್ಲರ ಮನೇಲೂ ಒಗ್ಗರಣೆ ಹಾಕ್ತಾರಾ ಅಂತ ಕೇಳೇ ಅವನ್ನ," ಎಂದಳು ಇಂಗ್ಲಿಷ್ ಬಾರದ ಅಮ್ಮ, ನನ್ನ ಕಡೆ ತಿರುಗಿ. ಒಗ್ಗರಣೆಗೆ ನನ್ನಲ್ಲಿ ಇಂಗ್ಲಿಷ್ ಇರಲಿಲ್ಲ. ಅಮ್ಮ ಸಿದ್ಧಳಾಗಿಯೇ ಬಂದಿದ್ದಳು. ಚೀಲದಿಂದ ಹಾಟ್‌ಪ್ಲೇಟ್ ತೆಗೆದು, ಆ ಫ್ಯಾನಿನ ಕೆಳಗೇ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ನಾಲ್ಕು ಮೆಣಸಿನಕಾಯಿ ಮುರಿದು ಹಾಕಿದಳು. ಬಿಲ್ಡರ್ ಕೆಮ್ಮುತ್ತ ಕಿಟಕಿಗೆ ಓಡಿದ.

"ಈಗ ಅರ್ಥ ಆಗಿರತ್ತೆ ಬಿಡು," ಎಂದ ಅಪ್ಪ.

ಬಿಲ್ಡರ್ ಕಣ್ಣೊರೆಸಿಕೊಂಡು ಹಿಂದಿನ ಗೋಡೆ ತೋರಿಸಿ, ಕೊಳವೆ ಇಲ್ಲಿಂದ ಬಿಡಲೇ ಎಂದು ಕೇಳಿದ. ಅಪ್ಪ ನಮ್ಮ ಮೈಸೂರಿನ ರೀತಿಯಲ್ಲಿ, ಆಗಲಿ ಎಂದು ತಲೆಯನ್ನು ಅತ್ತಿತ್ತ ಆಡಿಸಿದ. ಅದನ್ನು ಬೇಡ ಎಂದು ತಿಳಿದ ಬಿಲ್ಡರ್ ಮುಂದಿನ ಗೋಡೆಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ. ನೋಡಿದ್ದು ನಾನೊಬ್ಬಳೇ. ಮತ್ತೆ ಜಗಳವಾದೀತೆಂದು ಬಾಯಿ ಬಿಡಲಿಲ್ಲ.

ಮನೆ ಉಳಿಯಿತು, ಅಪ್ಪನ ನೌಕರಿಯೂ ಉಳಿಯಿತು. ಕೊಳವೆ ಮಾತ್ರ ಮುಂಬಾಗಿಲ ಪಕ್ಕದಲ್ಲೇ ಬಾಯಿ ತೆರೆಯಿತು. ನಮ್ಮ ಮನೆಗೆ ಬಂದವರೆಲ್ಲ ಮೊದಲು ಕೆಮ್ಮಿ, ಆಮೇಲೆ ಬೆಲ್ ಒತ್ತುತ್ತಿದ್ದರು.